ನಾಲ್ಕರಲ್ಲಿ ಒಂದು ಪಾಲು

ಅಣೆಕಟ್ಟೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೋಡದಮ್ಮ ಎಂದೇ ಕರೆಯುತ್ತಿದ್ದರು. ಕಡಲಿನ ಬಿಸಿ, ಗಾಳಿಯ ದಿಕ್ಕು, ಹಿಂದಿನ ವರ್ಷಗಳ ಮಳೆ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಬರುವ ಮಳೆಗಾಲ ಹೇಗಿದ್ದೀತು ಎಂದು ಹೇಳುವುದು ಅವಳ ಕೆಲಸ. ಅದರ ಮೇಲೆ ಜಲಾಶಯದಲ್ಲಿ ಎಷ್ಟು ನೀರು ಹಿಡಿದಿಡಬೇಕೆಂದು ದೊಡ್ಡ ಸಾಹೇಬರು ತೀರ್ಮಾನಿಸುತ್ತಿದ್ದರು.

ಆ ವರ್ಷ ಅವಳು, ಮಳೆ ಕಡಿಮೆಯಾಗುವ ಸಂಭವ ನಾಲ್ಕರಲ್ಲಿ ಮೂರು ಪಾಲು ಎಂದಳು. ಉಳಿದ ಒಂದು ಪಾಲನ್ನು ಮರೆಯಬೇಡಿ, ಕಡಲು ಮೊದಲಿನಂತಿಲ್ಲ, ಬಂದರೆ ಒಮ್ಮೆಲೇ ಸುರಿದೀತು, ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ ಎಂದೂ ಹೇಳಿದಳು.

"ನನಗೆ ಈ ಪಾಲು ಪಂಚಾಯ್ತಿ ಬೇಡಮ್ಮ," ಎಂದರು ಸಾಹೇಬರು. "ಕಮ್ಮಿನೋ ಜಾಸ್ತಿನೋ, ಒಂದು ಹೇಳಿ."

"ಕಮ್ಮಿನೇ ಸಾರ್. ಆದ್ರೆ..."

"ಆದ್ರೆ ಗೀದ್ರೆ ಎಲ್ಲ ನನಗೆ ಬಿಡಿ."

ಅವಳಿಗೆ ತಲೆ ಸಿಡಿಯುತ್ತಿತ್ತು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ತಂಗಿ ಸಿಕ್ಕಳು. ನದಿಯ ಪಕ್ಕದ ಕೆಳಬೀದಿಯಲ್ಲಿ ಅವಳದೂ ಅವಳ ಗಂಡನದೂ ಹೊಲಿಗೆ ಅಂಗಡಿ.

"ಅಕ್ಕಾ, ಹೊಳೆ ಉಕ್ಕೋಕೆ ಮುಂಚೆ ಮಿಷನ್ನುಗಳನ್ನ ಮಹಡಿಗೆ ಸಾಗಿಸಿಬಿಡಲಾ?"

"ಈ ವರ್ಷ ಯಾಕೆ ಸುಮ್ನೆ ಒದ್ದಾಡ್ತೀಯೆ, ಬಿಡು," ಎಂದುಬಿಟ್ಟಳು ಅಕ್ಕ.

ಸಾಹೇಬರು ಜಲಾಶಯವನ್ನು ಅಂಚಿನವರೆಗೆ ತುಂಬಿಸಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಒಂದು ಪಾಲು ಬಂತು. ಬೇರೆ ದಾರಿಯಿಲ್ಲದೆ ಗೇಟುಗಳನ್ನೆಲ್ಲ ಒಟ್ಟಿಗೆ ಎತ್ತಿದರು. ಕೆಳಬೀದಿಯಲ್ಲಿ ಎದೆಮಟ್ಟದ ನೀರು. ಮಿಷನ್ನು ಎತ್ತಲು ಹೋಗಿ ಜಾರಿಬಿದ್ದ ತಂಗಿಯ ಗಂಡ ಬಲಗೈ ಮುರಿದುಕೊಂಡ. ಕತ್ತರಿ ಹಿಡಿಯುವ ಕೈ, ಮತ್ತೆ ನೆಟ್ಟಗಾಗಲೇ ಇಲ್ಲ.

'ನಮ್ಮ ತಜ್ಞರ ಮುನ್ಸೂಚನೆಯಂತೆಯೇ ನಡೆದುಕೊಂಡೆವು' ಎಂದು ಸಾಹೇಬರು ಪತ್ರಿಕೆಯವರ ಮುಂದೆ ಕೈತೊಳೆದುಕೊಂಡರು. ಅವರಿಗೆ ಬಡ್ತಿಯೂ ಆಯಿತು.

ಆಸ್ಪತ್ರೆಯ ವರಾಂಡದಲ್ಲಿ ಅಕ್ಕ ಅಂಗಲಾಚಿದಳು. "ಒಂದು ಪಾಲು ಅಪಾಯ ಇದೆ ಅಂತ ಸಾಹೇಬರಿಗೆ ಬಡ್ಕೊಂಡೆ ಕಣೇ. ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ."

ತಂಗಿ ತಲೆಯೆತ್ತಿದಳು. "ಅವರಿಗೆ ಹೇಳ್ದೆ. ನನಗೆ?"



ಮರುವರ್ಷ ಹೊಸ ಸಾಹೇಬರು ಬಂದರು. ಮೋಡ ಕಂಡರೆ ಬೆಚ್ಚುವ ಆಸಾಮಿ. ಈ ಸಲವೂ ಮಳೆ ಕೈಕೊಡುವ ಸಂಭವವೇ ಹೆಚ್ಚು, ಇರುವ ನೀರನ್ನಾದರೂ ಉಳಿಸಿಕೊಳ್ಳೋಣ ಎಂದಳು ಅವಳು. "ಹೋದ ವರ್ಷ ಊರು ಮುಳುಗಿಸಿದ್ದು ಸಾಲದಾ ನಿಮಗೆ?" ಎಂದು ಅವರು ನಕ್ಕರು, ಸಭೆಯೂ ನಕ್ಕಿತು. ಜಲಾಶಯವನ್ನು ಅರ್ಧಕ್ಕಿಳಿಸಿ ನೀರನ್ನು ಕಡಲಿಗೆ ಹರಿಯಬಿಟ್ಟರು.

ಈ ಸಲ ಅವಳು ತಂಗಿಯ ಮನೆಗೇ ಹೋದಳು. ಹೊಸ್ತಿಲಲ್ಲಿ ನಿಂತು, ಯಾವ ಪಾಲನ್ನೂ ನುಂಗದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಒಂದು ದೊಡ್ಡ ತೊಟ್ಟಿ ತಂದು ತುಂಬಿಸಿಟ್ಟುಕೋ ಎಂದಳು.

"ನೀನು ಹೇಳಿದ್ದಕ್ಕೆ ಉಲ್ಟಾ ಮಾಡಿದ್ರೆ ಕ್ಷೇಮ ಅಂತ ಇಡೀ ಬೀದಿಗೆ ಗೊತ್ತು," ಎಂದು ತಂಗಿ ಬಾಗಿಲು ಹಾಕಿಕೊಂಡಳು.

ಮಳೆ ಬರಲಿಲ್ಲ. ನಲ್ಲಿಗಳು ಬರೀ ಗಾಳಿ ಊದಿದವು. ಮುನ್ಸೂಚನೆ ನಿಜವಾಯಿತೆಂದು ಕಚೇರಿಯಲ್ಲಿ ಯಾರೂ ಸೊಲ್ಲೆತ್ತಲಿಲ್ಲ; ಟ್ಯಾಂಕರುಗಳ ಮೇಲ್ವಿಚಾರಣೆಗೆ ಅವಳನ್ನೇ ಹಾಕಿದರು.

ಕೆಳಬೀದಿಯಲ್ಲಿ ಟ್ಯಾಂಕರಿನ ಸಾಲಿನಲ್ಲಿ ತಂಗಿಯೂ ಕೊಡ ಹಿಡಿದು ನಿಂತಿದ್ದಳು. ಅಕ್ಕ ಹತ್ತಿರ ಬಂದದ್ದನ್ನು ಕಂಡ ಹಿಂದಿನ ಹೆಂಗಸು ಕೇಳಿದಳು, "ನಿಮ್ಮಕ್ಕ ಅಲ್ವೇನ್ರೀ ಅವರು?"

"ಅಲ್ಲ," ಎಂದಳು ತಂಗಿ. "ಅಣೆಕಟ್ಟೆ ಆಫೀಸಿನವರು."

ಕೊಡವನ್ನು ಸೊಂಟಕ್ಕೇರಿಸಿಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.