ಬಟ್ಟಲು ಮೊದಲು ಯಾರಿಗೆ

ಬಟ್ಟಲು ಹಿಡಿಯುವುದನ್ನು ವಿನ್ವಾರಳಿಗೆ ಕಲಿಸಿದ್ದು ಅವಳ ಅಜ್ಜಿ. ಎರಡೂ ಕೈಯಲ್ಲಿ ಹಿಡಿಯಬೇಕು. ಮೊದಲು ದೊರೆಗೆ ಕೊಡಬೇಕು. ಕೊಡುವಾಗ ಕೊಡುವವಳ ತಲೆ ದೊರೆಯ ತಲೆಗಿಂತ ಮೇಲಿರಬಾರದು. ಅದಕ್ಕೇ ಗದ್ದುಗೆಯ ಕೆಳಗಿನ ಮೆಟ್ಟಿಲಲ್ಲಿ ನಿಂತು, ಮೊಣಕಾಲು ಕೊಂಚ ಬಗ್ಗಿಸಿ, ಜೇನಿನ ಮದ್ಯ ತುಳುಕದ ಹಾಗೆ ಮೇಲಕ್ಕೆ ಚಾಚಬೇಕು. ದೊರೆ ಕುಡಿದ ಮೇಲೆ ಅತಿಥಿಗೆ, ಆಮೇಲೆ ಬೆಂಚುಗಳ ಸಾಲಿನಲ್ಲಿ ಅವರವರ ಯೋಗ್ಯತೆಯಂತೆ.

"ಗಂಡಸರು ಕತ್ತಿ ಹಿಡಿದು ದೊರೇನ ಮಾಡ್ತೀವಿ ಅಂದ್ಕೊಂಡಿರ್ತಾರೆ ಮಗಾ, ಅಂದ್ಕೊಳ್ಳಲಿ ಬಿಡು," ಎನ್ನುತ್ತಿದ್ದಳು ಅಜ್ಜಿ, ಬೆಂಕಿಯ ಪಕ್ಕ ಉಣ್ಣೆ ಹಿಂಜುತ್ತಾ. "ನಾವು ಬಟ್ಟಲು ಮೊದಲು ಯಾರ ಮುಂದೆ ಹಿಡೀತೀವೋ, ದೊರೆ ಅವನು."

ಹಜಾರದಲ್ಲಿ ಆ ಬಟ್ಟಲಿನಿಂದ ಒಂದು ಗುಟುಕು ಕುಡಿದವನನ್ನು ಯಾರೂ ಮುಟ್ಟುವಂತಿರಲಿಲ್ಲ. ಬಟ್ಟಲು ಮುಂದೆ ಬಂದು ನಿಲ್ಲದೆ ದಾಟಿ ಹೋಯಿತೋ, ಅವನ ತಲೆಯ ಮೇಲೆ ಸೂರೇ ಇಲ್ಲವೆಂದು ಲೆಕ್ಕ.

ಅಜ್ಜಿ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಹಜಾರ ವಿನ್ವಾರಳ ತಮ್ಮ ತಿಲ್ವುಲ್ಫನದು. ಶತ್ರುಗಳು ಅಪ್ಪನನ್ನು ಕೊಂದ ವರ್ಷ ಅವಳೇ ಆ ಪುಟ್ಟ ಹುಡುಗನನ್ನು ಕುರಿಯ ತುಪ್ಪಟದ ಅಡಿಯಲ್ಲಿ ಮಲಗಿಸಿ, ಉತ್ತರದ ಕಡೆ ಹೋಗುವ ದೋಣಿಗೆ ಹತ್ತಿಸಿದ್ದಳು. ಅವನು ಬೆಳೆದದ್ದು ಕಡಲಾಚೆಯ ದ್ವೀಪದಲ್ಲಿ, ಸನ್ಯಾಸಿಗಳ ಮಧ್ಯೆ, ಬೇರೆ ಮಾತಿನ ಜನರ ಜೊತೆ. ಗಡ್ಡ ಬಂದ ಮೇಲೆ ಸೈನ್ಯ ಕಟ್ಟಿಕೊಂಡು ಬಂದು ಅಪ್ಪನ ಗದ್ದುಗೆ ಗೆದ್ದ. ಜೊತೆಗೆ ಲೋಖಾನ್ ಎಂಬ ಬಡಕಲು ಸನ್ಯಾಸಿಯನ್ನೂ ಒಬ್ಬ ಹೊಸ ದೇವರನ್ನೂ ಕರೆತಂದ. ನಾಡಿಗೆ ನಾಡೇ ಆ ದೇವರ ಹೆಸರಿನಲ್ಲಿ ನದಿಗಿಳಿದು ಮುಳುಗಿ ಎದ್ದಿತು. ವಿನ್ವಾರಳೂ ಮುಳುಗಿದಳು, ತಮ್ಮ ಕೇಳಿದನಲ್ಲ ಎಂದು. ಆದರೂ ಚಳಿಗಾಲದ ನಡುವೆ ಹಳೆಯ ದೇವತೆಯರ ಹಬ್ಬವಾದ ತಾಯಂದಿರ ರಾತ್ರಿ ಬಂದಾಗ ಹೊಸ್ತಿಲಾಚೆ ಒಂದು ಕುಡಿಕೆ ಗಂಜಿ ಇಟ್ಟೇ ಇಡುತ್ತಿದ್ದಳು. ಹಜಾರದ ಹಾಡುಗಾರನಿಗಂತೂ ಇನ್ನೂ ಫಜೀತಿ. ದೊರೆಯ ವಂಶಾವಳಿ ಹಾಡುವಾಗ ಮೂಲಪುರುಷ ವೋಡನ್ ದೇವರ ಹೆಸರು ಬರುವ ಕಡೆ, ಹೇಳಬೇಕೋ ಬಿಡಬೇಕೋ ತಿಳಿಯದೆ ಜೋರಾಗಿ ಕೆಮ್ಮಿಬಿಡುತ್ತಿದ್ದ. ಜನಕ್ಕೆ ಅದೇ ಅಭ್ಯಾಸವಾಗಿ, ನಮ್ಮ ದೊರೆ ಕೆಮ್ಮಿನ ವಂಶದವನು ಎಂದು ನಗುತ್ತಿದ್ದರು.

ಹಿಂದಿನ ಹೇಮಂತದಲ್ಲಿ ಆ ನಗು ನಿಂತಿತು. ಓಕ್ ಕಾಡಿನಲ್ಲಿ ಹಂದಿ ಮೇಯಿಸುವ ಜಾಗಕ್ಕಾಗಿ ಜಗಳವಾಯಿತು. ಜೌಗುನಾಡಿನ ಗಾರ್ಮಂಡ ಎಂಬವನು ಈಟಿ ಎಸೆದ. ವಿನ್ವಾರಳ ಒಬ್ಬನೇ ಮಗ ವಿಲ್ಬಾದ, ಇನ್ನೂ ಸರಿಯಾಗಿ ಮೀಸೆ ಬಾರದವನು, ಉದುರಿದ ಓಕ್ ಕಾಯಿಗಳ ಮೇಲೆ ಬಿದ್ದು ಸತ್ತ. ಗಾರ್ಮಂಡ ಜೌಗಿಗೆ ಓಡಿಹೋದ. ಹೆಣದ ಬೆಲೆ ಕೊಡುತ್ತೇನೆಂದು ಯಾರ್ಯಾರ ಕೈಲೋ ಹೇಳಿ ಕಳಿಸಿದ. ಮಗನನ್ನು ಮಾರಿಲ್ಲ ಎಂದು ವಿನ್ವಾರ ಉತ್ತರ ಕಳಿಸಿದಳು. ಆ ದಿನ ತಿಲ್ವುಲ್ಫ ಕತ್ತಿಯ ಹಿಡಿಯಲ್ಲಿನ ಆಣೆಯ ಉಂಗುರ ಮುಟ್ಟಿ, ನಿನ್ನ ಮಗನ ರಕ್ತಕ್ಕೆ ರಕ್ತ ತರ್ತೀನಿ ಅಕ್ಕಾ ಎಂದಿದ್ದ. ಅವಳು ಆ ಮಾತನ್ನೇ ಹೊದ್ದುಕೊಂಡು ಚಳಿಗಾಲ ಕಳೆದಿದ್ದಳು.

ಈಗ ವಸಂತ. ಹೊಸ ದೇವರ ದೊಡ್ಡ ಹಬ್ಬಕ್ಕೆ ಮುಂಚಿನ ಗುರುವಾರ, ಆ ದೇವರು ತನ್ನ ಶಿಷ್ಯರ ಕಾಲು ತೊಳೆದ ದಿನವಂತೆ. ಬೆಳಿಗ್ಗೆ ವಿನ್ವಾರ ಮಗ್ಗದ ಮುಂದಿದ್ದಾಗ ತಿಲ್ವುಲ್ಫ ತಾನೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಇವತ್ತು ಕಾಲು ತೊಳೆಯೋ ದಿನ."

"ತಿರುಕರ ಕಾಲು ತಾನೆ? ತೊಳಿ. ನೀರು ಬಿಸಿ ಮಾಡಿಸಿಡ್ತೀನಿ."

"ಕೊನೇಲಿ ಗಾರ್ಮಂಡ ಬರ್ತಾನೆ."

ಅವಳ ಕೈ ನಿಂತಿತು. ನೂಲಿನ ತುದಿಗೆ ಇಳಿಬಿಟ್ಟ ಮಣ್ಣಿನ ಗುಂಡುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾದವು.

ಅವನು ನಿಧಾನವಾಗಿ ಹೇಳಿದ. ಗಾರ್ಮಂಡ ಚಳಿಗಾಲವೆಲ್ಲ ಜೌಗಿನಲ್ಲಿ ಹಾವುಮೀನು ತಿಂದು ಬದುಕಿ, ಹೋದ ವಾರ ಲೋಖಾನನ ಮರದ ಗುಡಿಗೆ ಬಂದು ಬಿದ್ದಿದ್ದಾನೆ. ಕೊಲ್ಲುವುದಾದರೆ ಕೊಲ್ಲಿ, ಓಡುವುದು ಸಾಕಾಗಿದೆ ಎಂದಿದ್ದಾನೆ. ಶತ್ರುವನ್ನು ಕ್ಷಮಿಸು ಎಂದು ತನಗೆ ಕಲಿಸಿದವರ ಮುಂದೆ, ತಾನು ಸಿಟ್ಟಿನಲ್ಲಿ ಉಂಗುರ ಮುಟ್ಟಿ ಆಡಿದ ಮಾತಿಗೆ ಇನ್ನು ಬೆಲೆಯಿಲ್ಲ ಎಂದ ತಿಲ್ವುಲ್ಫ.

"ನನ್ನ ಮುಂದೆ ಆಡಿದ್ದಲ್ವಾ ಆ ಮಾತು?"

"ಹೌದು. ಅದಕ್ಕೇ ನಿನ್ನ ಹತ್ರ ಬಂದೆ."

ವಿನ್ವಾರ ಮಗ್ಗದ ಕಡೆಯೇ ನೋಡುತ್ತಾ ಹೇಳಿದಳು: "ನೀರು ನಿನ್ನದು, ಕೈ ನಿನ್ನದು. ಯಾರ ಕಾಲಾದ್ರೂ ತೊಳ್ಕೋ. ಬಟ್ಟಲು ನನ್ನದು. ಅವನಿಗೆ ಕೊಡಲ್ಲ."

ಕೊಡದಿದ್ದರೆ ಗಾರ್ಮಂಡ ಹಜಾರದ ಬಾಗಿಲು ದಾಟುವಷ್ಟರಲ್ಲಿ ಅವನ ಕಥೆ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕೊಡು ಎಂದು ಅವನು ಅಪ್ಪಣೆ ಮಾಡಬಹುದಿತ್ತು. ಮಾಡಲಿಲ್ಲ. ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿ ಹೊರಟುಹೋದ.

ಮಧ್ಯಾಹ್ನ ಹಜಾರ ತುಂಬಿತು. ಕತ್ತಿಗಳನ್ನೆಲ್ಲ ಪದ್ಧತಿಯಂತೆ ಬಾಗಿಲ ಬಳಿ ತೂಗುಹಾಕಿದ್ದರು. ನೆಲಕ್ಕೆ ಹೊಸ ಜೊಂಡುಹುಲ್ಲು ಹಾಸಿತ್ತು. ಹೊಗೆಗಂಡಿಯಿಂದ ಬಿಸಿಲಿನ ಒಂದು ಕೋಲು ಓರೆಯಾಗಿ ಇಳಿದು ನಿಂತಿತ್ತು. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ, ಬಾರ್ಲಿ ರೊಟ್ಟಿ ಮತ್ತು ಮೀನು. ಲೋಖಾನ್ ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಬಟ್ಟಲು ಮದ್ಯಕ್ಕೆ ಒಪ್ಪಿದ್ದ. ಒಕ್ಕಣ್ಣಿನ ಮುದಿ ಸರದಾರ ಬ್ರಾಂದ ಮೀನಿನ ಮುಳ್ಳು ತೆಗೆಯುತ್ತಾ, ಈ ದೇವರು ಕಡಲ ದಂಡೆಯವನೇ ಇರಬೇಕು, ಹಂದಿಯ ರುಚಿ ಪಾಪ ಅವನಿಗೆ ಯಾರೂ ತೋರಿಸಿಲ್ಲ ಎಂದು ಪಕ್ಕದವನಿಗೆ ಹೇಳುತ್ತಿದ್ದ. ತಿರುಕರು ಒಬ್ಬೊಬ್ಬರಾಗಿ ಬೆಂಚಿಗೆ ಬಂದು ಕೂತರು. ದೊರೆ ತೋಳು ಮಡಿಸಿ, ನೆಲದ ಮೇಲೆ ಕೂತು, ಹಿತ್ತಾಳೆಯ ಬೋಗುಣಿಯಲ್ಲಿ ಅವರ ಕಾಲು ತೊಳೆದ. ಜನ ಮುಸಿಮುಸಿ ನಕ್ಕರು. ಹುಚ್ಚಾಟ ಅನ್ನಿಸಿದರೂ ತಪ್ಪೆನ್ನಿಸುವಂಥದ್ದೇನಲ್ಲ. ತಿರುಕರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಕೊನೆಗೆ ಲೋಖಾನ್ ಗಾರ್ಮಂಡನ ಭುಜ ಹಿಡಿದು ಕರೆತಂದ. ನಗು ಬತ್ತಿಹೋಯಿತು.

ವಿನ್ವಾರ ಗದ್ದುಗೆಯ ಪಕ್ಕದಲ್ಲಿ ತುಂಬಿದ ಬಟ್ಟಲು ಹಿಡಿದು ನಿಂತಿದ್ದಳು. ಚಳಿಗಾಲದುದ್ದಕ್ಕೂ ಅವಳು ಕನಸಿನಲ್ಲಿ ಕಂಡಿದ್ದ ಗಾರ್ಮಂಡ ತೋಳದಂಥವನು. ಇವನು ಜೊಂಡಿನಂತೆ ಸೊರಗಿದ್ದ. ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ದೊರೆ ಬಿಚ್ಚಹೋದಾಗ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ಹಾಕಿ ಬಿಡಿಸಬೇಕಾಯಿತು. ಒಂದು ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಇಷ್ಟು ಸಾಧಾರಣ ಕಾಲುಗಳ ಮೇಲೆ ನಿಂತು ಇವನು ನನ್ನ ಮಗನನ್ನು ಕೊಂದನೇ ಎಂದು ಅವಳಿಗೆ ಒಂದು ಬಗೆಯ ಅವಮಾನವೇ ಆಯಿತು.

ಬಿಸಿನೀರು ಸೋಕಿದ್ದೇ ಗಾರ್ಮಂಡನ ಮೊಣಕಾಲು ಗಡಗಡ ನಡುಗತೊಡಗಿತು. ಬೋಗುಣಿ ಮಗುಚೀತೆಂದು ತಿಲ್ವುಲ್ಫ ಆ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದ. ಹಿಡಿದವನು, ನಡುಕ ನಿಲ್ಲಿಸಲೆಂದೋ ಅಥವಾ ತನಗೇ ತಡೆಯಲಾಗದೆಯೋ, ತಲೆಯನ್ನೂ ಅದರ ಮೇಲೆ ಇಟ್ಟ.

ಬೆಂಚುಗಳ ಮೇಲೆ ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು.

ಆ ನಾಡಿನಲ್ಲಿ ಒಬ್ಬ ಇನ್ನೊಬ್ಬನ ಮುಂದೆ ಮಂಡಿಯೂರಿ, ಅವನ ಮೊಣಕಾಲ ಮೇಲೆ ಎರಡು ಕೈಯನ್ನೂ ತಲೆಯನ್ನೂ ಇಟ್ಟರೆ ಅದಕ್ಕೆ ಒಂದೇ ಅರ್ಥ: ಇಂದಿನಿಂದ ನೀನು ನನ್ನ ಒಡೆಯ, ನಾನು ನಿನ್ನ ಆಳು. ಅಲ್ಲಿ ಕೂತಿದ್ದ ಪ್ರತಿಯೊಬ್ಬನೂ ಒಂದು ದಿನ ತಿಲ್ವುಲ್ಫನ ಮೊಣಕಾಲ ಮೇಲೆ ಹಾಗೆ ತಲೆಯಿಟ್ಟವನೇ. ಮಾತು ಆಡಬೇಕಾಗಿಯೂ ಇರಲಿಲ್ಲ, ಹಾಗೆ ತಲೆಯಿಟ್ಟರೆ ಮುಗಿಯಿತು. ದ್ವೀಪದಲ್ಲಿ ಬೆಳೆದ ದೊರೆಗೆ ಅದು ರಕ್ತದಲ್ಲಿ ಇರಲಿಲ್ಲ. ಲೋಖಾನನಿಗೆ ಗೊತ್ತೇ ಇರಲಿಲ್ಲ. ಅವನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ.

ಬ್ರಾಂದ ಎದ್ದುನಿಂತ. ಅವನ ಕೈ ಸೊಂಟದಲ್ಲಿ ಇಲ್ಲದ ಕತ್ತಿಯನ್ನು ಹುಡುಕಿತು. "ದೊರೇ," ಎಂದ. ಯಾರನ್ನು ಕರೆದೆನೆಂದು ಅವನಿಗೇ ಅನುಮಾನ ಬಂದವನಂತೆ ಅಲ್ಲಿಗೇ ನಿಲ್ಲಿಸಿದ. ಹಿಂದಿನ ಬೆಂಚಿನಿಂದ ಯಾರೋ, ಹಾಗಾದ್ರೆ ಈಗ ನಾವೆಲ್ಲ ಯಾರ ಆಳುಗಳು ಎಂದು ಕೇಳಿದ. ಹಾಸ್ಯಕ್ಕೆ ಕೇಳಿದ್ದಲ್ಲ. ಗಾರ್ಮಂಡನ ಮುಖ ಹಾಲಿನಂತೆ ಬಿಳಿಚಿಕೊಂಡಿತು.

"ನಾನು ಕೇಳ್ಲಿಲ್ಲ," ಎಂದ ಅವನು, ಯಾರನ್ನೂ ನೋಡದೆ. "ಇದನ್ನ ನಾನು ಕೇಳ್ಲಿಲ್ಲ."

ತಿಲ್ವುಲ್ಫ ತಲೆಯೆತ್ತಿದ. ಸುತ್ತಲಿನ ಮುಖಗಳನ್ನು ನೋಡಿದ. ಏನಾಯಿತೆಂದು ಅವನಿಗೆ ಹೊಳೆದ ಗಳಿಗೆ ವಿನ್ವಾರಳಿಗೆ ಸ್ಪಷ್ಟವಾಗಿ ಕಂಡಿತು. ಚಿಕ್ಕವನಿದ್ದಾಗ ಮರ ಹತ್ತಿ ಇಳಿಯಲು ಬಾರದೆ ಕೂತಿದ್ದಾಗಿನ ಅದೇ ಮುಖ. ಈಗ ಅವನು ಎದ್ದರೆ ಸಾಕು. ಧಡಕ್ಕನೆ ಎದ್ದು, ಕೈ ಒರೆಸಿಕೊಂಡು, ಗದ್ದುಗೆ ಹತ್ತಿ ಕೂತುಬಿಟ್ಟರೆ ಎಲ್ಲರೂ ನಕ್ಕು ಮರೆಯುತ್ತಾರೆ. ಆದರೆ ತೊಳೆದದ್ದು ಆಟವಾಗಿಬಿಡುತ್ತದೆ.

ಅವನು ಏಳಲಿಲ್ಲ.

"ಇನ್ನೊಂದು ಕಾಲು ಬಾಕಿ ಇದೆ," ಎಂದ.

ಮತ್ತೆ ತಲೆ ತಗ್ಗಿಸಿ ಇನ್ನೊಂದು ಕಾಲಿನ ಬಟ್ಟೆ ಬಿಚ್ಚತೊಡಗಿದ. ನಿಧಾನವಾಗಿ, ಗಂಟು ಕೀಳದೆ, ಬೆರಳ ಸಂದಿಯ ಕೆಸರನ್ನೂ ಬಿಡದೆ ತೊಳೆದ. ರಾಜ್ಯ ಅವನ ಹಿಂದೆ ಖಾಲಿ ಗದ್ದುಗೆಯಾಗಿ ನಿಂತಿತ್ತು. ಬಿಸಿಲಿನ ಕೋಲು ಸರಿದು ಬೋಗುಣಿಯ ಮೇಲೆ ಬಂದಿತ್ತು. ಆ ಕೊಳಕು ನೀರಿನಿಂದ ಬೆಳಕು ಎದ್ದು ತೊಲೆಗಳ ಮೇಲೆ, ಕೆತ್ತಿದ ಹಾವುಗಳ ಮೇಲೆ, ಬ್ರಾಂದನ ಒಂಟಿ ಕಣ್ಣಿನ ಮೇಲೆ ಅಲೆಅಲೆಯಾಗಿ ನಡೆಯಿತು. ವೋಡನ್ ದೇವರ ತೋಪಿನಲ್ಲಿ ಕುದುರೆ ಬಲಿ ಕೊಡುವಾಗ ವಿನ್ವಾರ ಹೆದರಿದ್ದುಂಟು. ಇದು ಆ ಹೆದರಿಕೆಯಲ್ಲ. ಹಜಾರದೊಳಗೆ ತುಂಬ ದೊಡ್ಡದೊಂದು ಬಂದು, ಜಾಗ ಸಾಲದೆ ನೆಲಕ್ಕೆ ಬಗ್ಗಿ ಕೂತಂತೆ ಅನ್ನಿಸಿತು.

ಆಮೇಲೆ ಎಲ್ಲರೂ ಅವಳ ಕಡೆ ತಿರುಗಿದರು. ಬಟ್ಟಲು ಅವಳ ಕೈಯಲ್ಲಿತ್ತು.

ಎಲ್ಲರಿಗೂ ಗೊತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಗಾರ್ಮಂಡನಿಗೆ ಮೊದಲು ಕೊಟ್ಟರೆ ದೊರೆ ಅವನೇ. ಬಟ್ಟಲನ್ನು ಗದ್ದುಗೆಯ ಮುಂದೆ ಹಿಡಿದು ತಮ್ಮನನ್ನು ಕರೆದರೆ, ಅವನು ಎದ್ದು ಬರಲೇಬೇಕು. ಗಾರ್ಮಂಡ ಮತ್ತೆ ಬರೀ ಕೊಲೆಗಾರ, ಬಾಗಿಲಾಚೆ ಅವನ ಸಾವು. ಚಳಿಗಾಲವೆಲ್ಲ ಕಾದದ್ದು ಇದಕ್ಕೇ. ಕರೆದರೆ ಸಾಕಿತ್ತು. ಬಾಯಿಯ ತನಕ ಬಂದಿತ್ತು ಆ ಹೆಸರು.

ಅವಳು ಗದ್ದುಗೆಯ ಮೆಟ್ಟಿಲಿಳಿದಳು. ಬೆಂಕಿಗುಂಡಿ ಬಳಸಿ, ಬೆಂಚುಗಳ ನಡುವೆ ನಡೆದು, ಬೋಗುಣಿಯ ಹತ್ತಿರ ಬಂದು ನಿಂತಳು. ತಮ್ಮ ನೆಲದ ಮೇಲಿದ್ದ. ಕೊಡುವವಳ ತಲೆ ದೊರೆಯ ತಲೆಗಿಂತ ಮೇಲಿರಬಾರದು. ವಿನ್ವಾರ ಮಂಡಿಯೂರಿದಳು. ಅವನು ಬೋಗುಣಿಗೆ ಬಗ್ಗಿದ್ದರಿಂದ ಅದೂ ಸಾಲಲಿಲ್ಲ. ಇನ್ನೂ ಬಗ್ಗಿದಳು, ತಲೆಬಟ್ಟೆಯ ಅಂಚು ಜೊಂಡುಹುಲ್ಲಿಗೆ ತಾಗುವಷ್ಟು. ಅಲ್ಲಿಂದ, ಎರಡೂ ಕೈಯಲ್ಲಿ, ಅಜ್ಜಿ ಕಲಿಸಿದ ಹಾಗೆಯೇ ಬಟ್ಟಲನ್ನು ಮೇಲಕ್ಕೆ ಚಾಚಿದಳು.

"ಕುಡಿ, ದೊರೆ."

ತಿಲ್ವುಲ್ಫ ಒದ್ದೆ ಕೈಯಲ್ಲೇ ಬಟ್ಟಲು ಹಿಡಿದು ಕುಡಿದ. ಬಟ್ಟಲನ್ನು ಅವಳ ಕೈಗೆ ಮರಳಿಸಿದ.

ಹಾಗಾದರೆ ಗದ್ದುಗೆ ಈಗ ಆ ನೆಲವೇ. ಜನಕ್ಕೆ ಇದು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಏಕೆಂದರೆ ಇನ್ನೊಂದು ಪದ್ಧತಿಯೂ ಇತ್ತು: ದೊರೆಗಿಂತ ಎತ್ತರದಲ್ಲಿ ಯಾರೂ ಕೂರುವಂತಿಲ್ಲ. ಮೊದಲು ಇಳಿದವನು ಬ್ರಾಂದ. ಬೆಂಚು ಹಿಡಿದು, ನರಳುತ್ತಾ, ಒಂದೊಂದೇ ಮಂಡಿ ಮಡಿಸಿ ಕೂತ.

"ಇನ್ನೂ ಕೆಳಗಿಳೀಬೇಡ ದೊರೇ," ಎಂದ. "ನನ್ನ ಮಂಡಿಗೆ ಇದಕ್ಕಿಂತ ಆಗಲ್ಲ."

ಆಮೇಲೆ ಪಕ್ಕದವನು, ಅವನ ಪಕ್ಕದವನು. ಮರ ಕಿರುಗುಟ್ಟಿತು, ಹುಲ್ಲು ಸರಭರ ಎಂದಿತು. ಯುದ್ಧಗಳಲ್ಲಿ ಬೆನ್ನು ತೋರಿಸದ ಗಂಡಸರು, ತೋಳಿನಲ್ಲಿ ಚಿನ್ನದ ಬಳೆ ತೊಟ್ಟವರು, ಗಾಳಿ ಬೀಸಿದ ಬಾರ್ಲಿ ಹೊಲದಂತೆ ಸಾಲುಸಾಲಾಗಿ ನೆಲಕ್ಕಿಳಿದರು. ಕಾಲು ತೊಳೆಸಿಕೊಂಡು ಇಳಿದ ತಿರುಕರು ಮೊದಲೇ ನೆಲದ ಮೇಲಿದ್ದರು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಹಾಡುಗಾರ ತನ್ನ ತಂತಿವಾದ್ಯವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ. ಲೋಖಾನ್ ಕಣ್ಣು ತೆರೆದು, ತಾನೊಬ್ಬನೇ ನಿಂತಿರುವುದನ್ನು ಕಂಡು, ಯಾರೂ ಹೇಳದೆ ಕೂತುಕೊಂಡ.

ಎತ್ತರದಲ್ಲಿ ಉಳಿದವನು ಗಾರ್ಮಂಡ ಒಬ್ಬನೇ, ಬೋಗುಣಿಯಲ್ಲಿ ಕಾಲಿಟ್ಟುಕೊಂಡು. ಅವನು ಸುತ್ತ ನೋಡಿದ. ಆಮೇಲೆ ಬೆಂಚಿನಿಂದ ಜಾರಿ ಇಳಿದ. ಬೋಗುಣಿ ವಾಲಿ ನೀರೆಲ್ಲ ಹುಲ್ಲಿನ ಮೇಲೆ ಹರಿಯಿತು. ಈಗ ಅವನ ಮುಖ ವಿನ್ವಾರಳ ಮುಖದ ಎದುರಿಗಿತ್ತು. ದೊರೆ ಕುಡಿದ ಮೇಲೆ ಬಟ್ಟಲು ಅತಿಥಿಗೆ.

ಅವಳು ಅವನನ್ನು ಕ್ಷಮಿಸಿರಲಿಲ್ಲ. ಹುಡುಕಿ ನೋಡಿಕೊಂಡಳು, ಎದೆಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಓಕ್ ಕಾಯಿಗಳ ಮೇಲೆ ಬಿದ್ದ ಮಗ ಅಲ್ಲೇ ಇದ್ದ. ಆದರೆ ಹಜಾರದೊಳಗೆ ಬಗ್ಗಿ ಕೂತಿದ್ದ ಆ ದೊಡ್ಡದೂ ಇನ್ನೂ ಎದ್ದುಹೋಗಿರಲಿಲ್ಲ. ಅದರ ಮುಂದೆ ಬಟ್ಟಲು ಹಿಂದಕ್ಕೆಳೆಯಲು ಅವಳ ಕೈ ಒಪ್ಪಲಿಲ್ಲ.

ಚಾಚಿದಳು.

ಗಾರ್ಮಂಡ ಕೈ ಎತ್ತಲು ನೋಡಿದ. ಎತ್ತಲಾಗಲಿಲ್ಲ.

"ನನ್ನಿಂದಾಗಲ್ಲ ತಾಯಿ. ನಿಮ್ಮ ಕೈಯಿಂದ..."

"ಕುಡಿಯೋ," ಎಂದಳು ವಿನ್ವಾರ. "ಭಾರ ಇದೆ ಇದು. ಕೈ ನೋಯ್ತಿದೆ ನಂಗೆ."

ಬಟ್ಟಲಿನ ಅಂಚನ್ನು ತಾನೇ ಅವನ ತುಟಿಗೆ ಇಟ್ಟಳು. ಅವನು ಕುಡಿಯುವವರೆಗೂ ಬಿಡಲಿಲ್ಲ. ಚೆಲ್ಲಿದ ನೀರು ಹುಲ್ಲಿನಡಿಯಲ್ಲಿ ಹರಿದು ಬಂದು ಅವಳ ಲಂಗದ ಅಂಚನ್ನು, ಮಂಡಿಯನ್ನು ತೋಯಿಸಿತು. ಆಗಲೇ ತಣ್ಣಗಾಗಿತ್ತು ಅದು. ಅವಳು ಏಳಲಿಲ್ಲ. ಬಟ್ಟಲು ಇನ್ನೂ ಅರ್ಧ ತುಂಬಿತ್ತು. ಮಂಡಿಯ ಮೇಲೇ ಸರಿಯುತ್ತಾ, ಕಣ್ಣೊರೆಸಿಕೊಳ್ಳುತ್ತಿದ್ದ ಬ್ರಾಂದನ ಕಡೆ ತಿರುಗಿದಳು.