ತೋರಿಸಲಿಕ್ಕೆ ತಂದ ಹೆಲ್ಮೆಟ್ಟು

"ಬೆವರು ಹತ್ತಸಬ್ಯಾಡಲೇ ಬೋಳಿಮಗನ! ಸಂಜಿಕ ಅಂಗಡಿಗೆ ವಾಪಸ್ ಕೊಡೂದೈತಿ."

ಸೆಕ್ಷನ್ ಆಫೀಸರ್ ಶಿವಲಿಂಗ ಸಾಹೇಬರು ಹೀಗೆ ಉಗಿದಾಗ ಭರಮಪ್ಪನಿಗೆ ನಗು ಬಂತು. ಮೇ ತಿಂಗಳ ಬೈಲಹೊಂಗಲದಲ್ಲಿ ಹೆಲ್ಮೆಟ್ಟು, ರಬ್ಬರ್ ಗ್ಲೌಸು, ಬೂಟು, ಬೆಲ್ಟು ಹಾಕಿಕೊಂಡು ಬೆವರದೆ ಇರಲು ಅವನೇನು ಬಟ್ಟೆ ಅಂಗಡಿಯ ಗೊಂಬೆಯೇ? ಹನ್ನೆರಡು ವರ್ಷದಿಂದ ಗುತ್ತಿಗೆಯ ಮೇಲೆ ಕರೆಂಟಿನ ಕಂಬ ಹತ್ತುತ್ತಿದ್ದ. ಇವೆಲ್ಲ ಮೈಮೇಲೆ ಬಂದದ್ದು ಇವತ್ತೇ ಮೊದಲು. ಜೊತೆಗಾರ ಕಾಡಪ್ಪ ಹೋದ ಮಳೆಗಾಲ ಬರಿಗೈಲಿ ಹತ್ತಿ ಬಲಗೈಯ ಮೂರು ಬೆರಳು ಸುಟ್ಟು ಕಳೆದುಕೊಂಡಿದ್ದ. ಈಗ ಇವರು ಬಂದು ನಿಂತಿದ್ದ ಈ ಪ್ರವಾಸಿ ಮಂದಿರದ ಕಾವಲುಗಾರ.

ಒಳಗೆ ಬೆಂಗಳೂರಿನಿಂದ ಬಂದ ಶಾಸಕರ ಸಮಿತಿ ಕುಳಿತಿತ್ತು. ಬಿರುಗಾಳಿ ಬಂದರೂ ಕರೆಂಟು ಕೈಕೊಡದಂತೆ ಹೊಸ ಕಾಯ್ದೆ ಮಾಡುವವರು. ಅಧ್ಯಕ್ಷರು ಕರಡು ಓದಿದರು: ಹರಿದ ಲೈನು ಎರಡು ತಾಸಿನಲ್ಲಿ ಸರಿಯಾಗದಿದ್ದರೆ ಲೈನ್‌ಮನ್‌ಗೆ ದಂಡ.

"ತಯಾರಿ ಹೇಗಿದೆ?"

"ನಮ್ಮ ಹುಡುಗ್ರೆಲ್ಲಾ ಹಿಂಗ ಇರತಾರ್ರಿ ಸರ್." ಸಾಹೇಬರು ಭರಮಪ್ಪನನ್ನು ಸಮಿತಿಯ ಮುಂದೆ ನಿಲ್ಲಿಸಿ, ಸಂತೆಯ ಎತ್ತಿನ ಹಾಗೆ ಒಂದು ಸುತ್ತು ತಿರುಗಿಸಿದರು.

"ಒಂದ್ ಮಾತ್ರಿ," ಭರಮಪ್ಪ ಕೇಳಿದ. "ಲೈನ್ ಎರಡ ತಾಸನ್ಯಾಗ ಎಬ್ಬಸ್ತೇವ್ರಿ. ಕಂಬದ ಮ್ಯಾಲಿಂದ ನಾ ಬಿದ್ರ, ನನ್ನ ಎಷ್ಟ ತಾಸನ್ಯಾಗ ಎಬ್ಬಸ್ತೀರಿ?"

ಅಧ್ಯಕ್ಷರು ಇನ್ನೊಂದು ಗೋಡಂಬಿ ಬಾಯಿಗೆ ಹಾಕಿಕೊಂಡು ಕರಡಿನ ಹಾಳೆ ಮಗುಚಿದರು. ಅಷ್ಟರಲ್ಲಿ ಧೂಳೆದ್ದು ಗಾಳಿ ಬೀಸಿತು. ಬೇವಿನ ಟೊಂಗೆ ಮುರಿದು ತಂತಿಯ ಮೇಲೆ ಬಿತ್ತು. ಫ್ಯಾನು ನಿಂತಿತು, ಮಳೆ ಹೊಡೆಯಿತು. ಐದೇ ನಿಮಿಷಕ್ಕೆ ಕಾಯ್ದೆ ಮಾಡುವವರ ಜುಬ್ಬಾಗಳು ಬೆವರಿನಿಂದ ಬೆನ್ನಿಗೆ ಅಂಟಿದವು.

ಸಾಹೇಬರು ಭರಮಪ್ಪನನ್ನು ಪಡಸಾಲೆಗೆ ಎಳೆದು ತಂದರು.

"ಹತ್ತಲೇ, ಲಗೂನ! ತಡಿ, ಮೊದ್ಲ ಇವನ್ನೆಲ್ಲಾ ಬಿಚ್ಚು. ಹೊಲಸಾದ್ರ ಅಂಗಡ್ಯಾವ ತಗೊಳ್ಳಾಂಗಿಲ್ಲ."

"ಬರಿಗೈಲೆ ಹತ್ಲೇನ್ರಿ? ಕಾಡ್ಯಾನ ಕೈ ನೋಡೀರಿಲ್ಲೋ?"

"ಇಷ್ಟ ದಿನಾ ಹೆಂಗ ಹತ್ತಿದ್ದಿ? ನಿಮ್ಮ ಕೇರಿ ಮಂದಿ ಚರ್ಮಾ ದಪ್ಪ ಇರತೈತಿ, ಹತ್ತೋ!"

ಭರಮಪ್ಪ ಗ್ಲೌಸು ಬಿಚ್ಚಿದ. ಸಾಹೇಬರು ಕೈಚಾಚಿದರು. ಅವನು ಅವನ್ನು ಬಾಗಿಲ ಬಳಿ ನಿಂತಿದ್ದ ಕಾಡಪ್ಪನಿಗೆ ಕೊಟ್ಟ. "ತೋಯದಂಗ ಹಿಡಿಯೋ ಮಾರಾಯ, ಇವು ತೋಯ್ದ್ರ ಜೀವಾನ ಹೋಗತೈತಿ."

ಕಾಡಪ್ಪ ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ಅವನ್ನು ಎದೆಗೆ ಅವುಚಿಕೊಂಡ.

ಭರಮಪ್ಪ ತಂತಿಯಿಂದ ದೂರ, ಅಂಗಳದ ಕರಿಮಣ್ಣಿನ ರಾಡಿಗೆ ಹೋಗಿ ಅಂಗಾತ ಮಲಗಿದ. ಎಮ್ಮೆಯ ಹಾಗೆ ಆ ಮಗ್ಗುಲು, ಈ ಮಗ್ಗುಲು ಹೊರಳಿದ. ಹೆಲ್ಮೆಟ್ಟು, ಬೆಲ್ಟು, ಬೂಟು ಎಲ್ಲ ಒಂದೇ ಬಣ್ಣವಾದವು. ಕಾಡಪ್ಪ ಕೇಕೆ ಹಾಕಿದ. ಶಾಸಕರು ಬಾಗಿಲಿಗೆ ಬಂದು ನಿಂತರು.

"ಈಗ ವಾಪಸ್ ಕೊಡ್ರಿ ನೋಡೂಣು!" ಭರಮಪ್ಪ ಪಡಸಾಲೆಯ ಮೆಟ್ಟಿಲ ಮೇಲೆ ಬಂದು ಕುಳಿತ. "ಮಳಿ ನಿಂದರ್ಲಿ. ಲೈನ್ ಬಂದ್ ಮಾಡೀನಂತ ಬರದ್ ಕೊಡ್ರಿ. ಇವನ್ನ ಹಾಕ್ಕೊಂಡ ಹತ್ತತೇನಿ."

"ಅಯ್ಯೋ ನನ್ನ ಮನಿ ಹಾಳಾತಲೋ!" ಸಾಹೇಬರು ಜೇಬಿನಿಂದ ಕರ್ಚೀಫು ಎಳೆದು, ಸಮಿತಿಯ ಕಣ್ಣೆದುರೇ ಕುಕ್ಕರುಗಾಲಲ್ಲಿ ಕುಳಿತು, ಭರಮಪ್ಪನ ಬೂಟು ಒರೆಸತೊಡಗಿದರು.

ಭರಮಪ್ಪ ಇನ್ನೊಂದು ಕಾಲನ್ನೂ ಮುಂದೆ ಚಾಚಿದ.