ಡ್ರಮ್ಮಿನ ಮೇಲೆ ನಿಂತವನು

"ಬಾಯಿ ಮುಚ್ಕೊಂಡು ನಿಂತ್ಕೋ, ಬೋಳಿಮಗನೆ. ಇವತ್ತು ನೀನು ಮನುಷ್ಯ ಅಲ್ಲ, ಅಳತೆ ಕೋಲು. ಕೋಲು ಎಲ್ಲಾದ್ರೂ ಮಾತಾಡ್ತದಾ?"

ನೀರಿನೊಳಕ್ಕೆ ಚಾಚಿದ ಹಲಗೆಯ ಜೆಟ್ಟಿಯ ತುದಿಯಲ್ಲಿ ನಿಂತ ಬಂಗಲೆಯ ಧಣಿ ಹಲ್ಲು ಕಚ್ಚಿ ಹೇಳಿದ. ಕೆಳಗೆ ಸೊಂಟದವರೆಗಿನ ನೀರಿನಲ್ಲಿ ಕುಳ್ಳ ನಿಂತಿದ್ದ. ಜೆಟ್ಟಿಗೆ ಹಲಗೆ ಬಡಿಯುವ ಕೂಲಿಯವನು. ನೀರಿನ ಮೇಲೆ ದುಡಿದು ಹೊಟ್ಟೆ ಹೊರೆದರೂ ಈಜು ಬಾರದು. ಅವನ ಕಾಲ ಕೆಳಗಿದ್ದದ್ದು ನೆಲವಲ್ಲ. ಕಲ್ಲು ತುಂಬಿ, ಒಂದರ ಮೇಲೊಂದು ಕೂರಿಸಿ ಮುಳುಗಿಸಿದ್ದ ಡ್ರಮ್ಮುಗಳು. ಅವು ಅಲುಗಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು.

ಕಾನೂನು ಸುಲಭದ್ದೇ. ದಡದ ಮನೆಯವರು ಸ್ವಂತ ಜೆಟ್ಟಿ ಕಟ್ಟಿಕೊಳ್ಳಬಹುದು, ಆದರೆ ನೀರು ಎದೆಮಟ್ಟಕ್ಕೆ ಬಂದಲ್ಲಿ ನಿಲ್ಲಿಸಬೇಕು. ಅಲ್ಲಿಂದಾಚೆ ದೋಣಿಗಳ ದಾರಿ, ಅದು ಎಲ್ಲರದು. ಪರೀಕ್ಷೆಗೆ ಬರುವ ಸಾಹೇಬರು ಬೂಟು ನೆನೆಸಿಕೊಳ್ಳುವ ಪೈಕಿಯವರಲ್ಲ. ಒಬ್ಬನನ್ನು ನೀರಿಗಿಳಿಸಿ ದಡದ ಕುರ್ಚಿಯಿಂದಲೇ ನೋಡುತ್ತಾರೆ. ಕುಳ್ಳನಿಗೇ ಸೊಂಟದವರೆಗೆ ಅಂದಮೇಲೆ ಇನ್ನೂ ಮುಂದಕ್ಕೆ ಕಟ್ಟಲು ಅಡ್ಡಿಯೇನು?

ಕಟ್ಟಿದರೆ ಆಚೆಯ ಬಂಡೆಸಾಲಿಗೆ ಜೆಟ್ಟಿ ತಾಗುತ್ತದೆ, ಕುಳ್ಳನ ಕೇರಿಯ ಒಂದು ದೋಣಿಯೂ ಮೀನಿಗೆ ಹೋಗುವಂತಿಲ್ಲ. ಕುಳ್ಳ ಬೆಳಿಗ್ಗೆ ಒಲ್ಲೆ ಅಂದಿದ್ದ. ನಿನ್ನ ಗುಡಿಸಲು ನಿಂತಿರುವುದು ಯಾರ ಜಾಗದಲ್ಲಿ ಎಂದು ಧಣಿ ಕೇಳಿದ್ದ, ಅಷ್ಟೆ.

ಅಷ್ಟರಲ್ಲಿ ಕುಳ್ಳನ ಹೆಂಡತಿ ಬಲೆ ಹೇರಿಕೊಂಡು ದೋಣಿ ತಂದಳು. ಅಳತೆ ಮುಗಿಯುವವರೆಗೆ ಕಾಯಬೇಕೆಂದು ಕಾವಲುಗಾರ ತಡೆದ. ಅವಳು ಗಂಡನನ್ನು ನೋಡಿದಳು, ನೀರನ್ನು ನೋಡಿದಳು. ಅವಳ ದೋಣಿಯ ಹುಟ್ಟು ಆ ಜಾಗದಲ್ಲಿ ಎಂದೂ ನೆಲ ಮುಟ್ಟಿದ್ದಿಲ್ಲ.

"ಯಾತರ ಮೇಲೆ ನಿಂತಿದೀಯ ನೀನು?"

ಕುಳ್ಳ ತಲೆ ತಗ್ಗಿಸಿದ. ನಾಚಿಕೆಯಾಯಿತು, ಆದರೆ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

"ಏಯ್," ಸಾಹೇಬರು ಕುರ್ಚಿಯಿಂದ ಕೂಗಿದರು, "ಕಾಲು ನೆಲದ ಮೇಲೇ ಇದೆಯೇನೋ?"

"ಹೌದು ಸ್ವಾಮಿ ಅನ್ನು," ಧಣಿ ಪಿಸುಗುಟ್ಟಿದ.

ಆ ಒಂದು ಮಾತು ಅಂದರೆ ದಡ ಸೇರಬಹುದು, ಗುಡಿಸಲೂ ಉಳಿದೀತು. ಸಾಯಲು ಕುಳ್ಳನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ.

"ನೀವೇ ನೋಡ್ಕೊಳ್ಳಿ ಸ್ವಾಮಿ," ಅಂದ. ಬಲಗೈ ಮೇಲಕ್ಕೆತ್ತಿ, ಡ್ರಮ್ಮಿನಿಂದ ಕಾಲು ತೆಗೆದ.

ನೀರು ಎದೆ, ಗಂಟಲು, ಮೂಗು ದಾಟಿ ನೆತ್ತಿಯ ಮೇಲೆ ಕೂಡಿಕೊಂಡಿತು. ಕಾಲು ನೆಲ ಹುಡುಕಿತು, ಸಿಗಲಿಲ್ಲ. ಎಲ್ಲೋ ಹೆಂಡತಿಯ ಹುಟ್ಟು ನೀರಿಗೆ ಬಡಿಯುವ ಸದ್ದು. ಕೈಯನ್ನು ಮಾತ್ರ ನೆಟ್ಟಗೆ ಹಿಡಿದೇ ಇದ್ದ, ಕುರ್ಚಿಯಲ್ಲಿ ಕೂತವರಿಗೆ ಕಾಣಲಿ ಎಂದು.

ಮೊದಲು ಮಣಿಕಟ್ಟು ಮುಳುಗಿತು. ಆಮೇಲೆ ಬೆರಳು.